ಒಣ ನೆಲದ ಗಿಡ, ಇಲಿಯ ಲಿವರ್ ಮತ್ತು ನಿಮ್ಮ ಯಜಮಾನರ ರಿಪೋರ್ಟ್

ಓದುಗರ ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ, ಕನಕಗಿರಿ ಕಡೆಯ ಹಳ್ಳಿ. ನನ್ನ ಯಜಮಾನರಿಗೆ 46 ವರ್ಷ, ತೂಕ 84 ಕೆಜಿ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಕುಡಿಯುವ ಅಭ್ಯಾಸ ಇಲ್ಲ. ನಾಲ್ಕು ತಿಂಗಳ ಹಿಂದೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಆಗ ಎಸ್‌ಜಿಪಿಟಿ 61 ಇತ್ತು. ಸಂಬಂಧಿಕರೊಬ್ಬರು ಒಂದು ಪುಡಿ ತಂದುಕೊಟ್ಟರು. ಬನ್ನಿ ಎಲೆ, ರಾಜಸ್ಥಾನದ ಕರೀರ, ಅಮೃತಬಳ್ಳಿ ಎಲ್ಲಾ ಇದೆಯಂತೆ. ಮರುಭೂಮಿ ಗಿಡಗಳಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಲಿವರ್ ಕಾಪಾಡುತ್ತೆ ಅಂತ ವಿಜ್ಞಾನಿಗಳೇ ಹೇಳಿದ್ದಾರೆ ಎಂದರು. ಎರಡು ತಿಂಗಳಿಂದ ದಿನಾ ಎರಡು ಚಮಚ ತಗೊಳ್ತಿದ್ದಾರೆ. ಹೋದ ವಾರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು. ಎಸ್‌ಜಿಪಿಟಿ 92, ಎಸ್‌ಜಿಒಟಿ 58, ಪ್ಲೇಟ್‌ಲೆಟ್ 2.4 ಲಕ್ಷ. ವಿಷ ಹೊರಗೆ ಬರುವಾಗ ಹೀಗೆ ಏರುತ್ತದೆ ಎಂದು ಪುಡಿ ಕೊಟ್ಟವರು ಹೇಳುತ್ತಾರೆ. ನಮ್ಮ ಹೊಲದ ಬದುವಿನಲ್ಲೇ ದೊಡ್ಡ ಬನ್ನಿ ಮರ ಇದೆ. ಪುಡಿ ಬಿಟ್ಟು ಮನೆಯಲ್ಲೇ ತಾಜಾ ಎಲೆಯ ಕಷಾಯ ಮಾಡಿಕೊಡಲಾ?

ಉತ್ತರ:

ಅಮ್ಮಾ, ಮೊದಲು ಮಾಡಬೇಕಾದ ಕೆಲಸ ಹೇಳಿಬಿಡುತ್ತೇನೆ. ಪುಡಿಯನ್ನು ಇವತ್ತೇ ನಿಲ್ಲಿಸಿ. ಕಷಾಯವನ್ನೂ ಶುರು ಮಾಡಬೇಡಿ. ಎಸ್‌ಜಿಪಿಟಿ ಅನ್ನುವುದು ಲಿವರ್ ಜೀವಕೋಶದ ಒಳಗೆ ಇರಬೇಕಾದ ಕಿಣ್ವ. ಕೋಶ ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. 61 ಇದ್ದದ್ದು 92 ಆಗಿದೆ ಅಂದರೆ ಮೊದಲಿಗಿಂತ ಜಾಸ್ತಿ ಕೋಶಗಳು ಒಡೆಯುತ್ತಿವೆ ಎಂದರ್ಥ. ವಿಷ ಹೊರಗೆ ಹೋಗುವುದನ್ನು ತೋರಿಸುವ ಅಂಕಿ ಅದರಲ್ಲಿಲ್ಲ. ಈ ಏರಿಕೆ ಪುಡಿಯಿಂದಲೇ ಆಯಿತು ಎಂದು ಈಗಲೇ ಹೇಳಲಾರೆ. ಫ್ಯಾಟಿ ಲಿವರ್‌ನಲ್ಲಿ ಈ ಅಂಕಿ ತಾನಾಗಿಯೂ ಏರಿಳಿಯುತ್ತದೆ. ಆದರೆ ಪುಡಿ ನಿಲ್ಲಿಸಿ ನೋಡದೆ ಗೊತ್ತಾಗುವ ದಾರಿ ಇಲ್ಲ.

ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಔಷಧಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನಮ್ಮ ಒಣ ನೆಲದ ಗಿಡಗಳ ಸಾರ ತೆಗೆದು ಇಲಿಗಳಿಗೆ ಕೊಟ್ಟು ನೋಡುವ ಕೆಲಸವನ್ನು ನಾನೇ ಮಾಡಿದ್ದೇನೆ. ಹಾಗಾಗಿ "ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಮಾತು ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ನಿಜ ಎಂಬುದನ್ನು ಒಳಗಿನಿಂದ ನೋಡಿದವನಾಗಿ ಹೇಳಬಲ್ಲೆ.

ನಿಜ ಇರುವುದರಿಂದಲೇ ಶುರು ಮಾಡೋಣ. ನಮ್ಮದು ಮರುಭೂಮಿ ಅಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆ ಆದರೆ ದೊಡ್ಡದು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ 600ರ ಆಸುಪಾಸು ಆಗುತ್ತದೆ. ಆದರೂ ಅಲ್ಲಿಯ ಎಷ್ಟೋ ಗಿಡ ಇಲ್ಲೂ ಇವೆ. ಅವರು ಖೇಜ್ರಿ ಎಂದು ಕರೆಯುವ ಮರವೇ ನಮ್ಮ ಬನ್ನಿ. ಎಕ್ಕ, ಬಾರಿ, ಪಾಪಸ್‌ಕಳ್ಳಿ ಎಲ್ಲಾ ನಮ್ಮ ಹೊಲದ ಅಂಚಿನವೇ. ಮೇ ತಿಂಗಳ ಮಧ್ಯಾಹ್ನ ಒಮ್ಮೆ ಹೊಲಕ್ಕೆ ಹೋಗಿ ನೋಡಿ. ಸುತ್ತ ಎರೆಭೂಮಿ ಬಾಯಿ ಬಿಟ್ಟಿರುತ್ತದೆ. ಬನ್ನಿ ಮಾತ್ರ ಹಸಿರಾಗಿ ನಿಂತಿರುತ್ತದೆ.

ಆ ಹಸಿರನ್ನು ಉಳಿಸಿಕೊಳ್ಳಲು ಅದು ಪಡುವ ಪಾಡು ದೊಡ್ಡದು. ನೀರು ಉಳಿಸಬೇಕಾದರೆ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳಬೇಕು. ಮುಚ್ಚಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ. ಬಿಸಿಲು ಮಾತ್ರ ಸುರಿಯುತ್ತಲೇ ಇರುತ್ತದೆ. ಹಿಡಿದಿಟ್ಟ ಬೆಳಕಿನ ಶಕ್ತಿಗೆ ಕೆಲಸ ಇಲ್ಲದಂತಾಗಿ ಅದು ಆಮ್ಲಜನಕದ ಮೇಲೆ ತಿರುಗುತ್ತದೆ. ಆಗ ಹುಟ್ಟುವ ಪುಂಡ ಆಮ್ಲಜನಕ ಎದುರಿಗೆ ಸಿಕ್ಕಿದ್ದನ್ನೆಲ್ಲ ಕೆಡಿಸುತ್ತದೆ. ಅದನ್ನು ತಡೆಯಲು ಇಂಥ ಗಿಡಗಳು ಫ್ಲೇವನಾಯ್ಡ್, ಟ್ಯಾನಿನ್, ಕೆರೋಟಿನ್ ತರಹದ ವಸ್ತುಗಳನ್ನು ಎಲೆ, ತೊಗಟೆ, ಹಣ್ಣಿನಲ್ಲಿ ತುಂಬಿಕೊಳ್ಳುತ್ತವೆ. ಬನ್ನಿ ಎಲೆಯನ್ನು ಹಲ್ಲಿನಲ್ಲಿ ಕಚ್ಚಿದರೆ ನಾಲಿಗೆ ಎಳೆದಂತೆ ಒಗರಾಗುತ್ತದಲ್ವಾ, ಅದು ಟ್ಯಾನಿನ್. ಪಾಪಸ್‌ಕಳ್ಳಿ ಹಣ್ಣು ತಿಂದ ಮಕ್ಕಳ ತುಟಿ ಕೆಂಪಾಗುತ್ತದಲ್ಲ, ಅದು ಬೀಟಲೇನ್ ಎಂಬ ಬಣ್ಣ. ಎರಡೂ ಆಂಟಿಆಕ್ಸಿಡೆಂಟ್‌ಗಳೇ, ಅಂದರೆ ಪುಂಡ ಆಮ್ಲಜನಕವನ್ನು ತಡೆಯುವ ವಸ್ತುಗಳು. ಆದ್ದರಿಂದ ಒಣ ನೆಲದ ಗಿಡಗಳಲ್ಲಿ ಇವು ಹೇರಳ ಎಂಬ ಮಾತು ಸುಳ್ಳಲ್ಲ.

ಲಿವರ್‌ಗೂ ಇದಕ್ಕೂ ಏನು ಸಂಬಂಧ? ಮನೆಯಲ್ಲಿ ಶೇಂಗಾ ಎಣ್ಣೆ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಎಣ್ಣೆಯ ಕೊಬ್ಬಿಗೆ ಆಮ್ಲಜನಕ ತಗುಲಿ ಅದು ಕೆಡುತ್ತದೆ. ನಮ್ಮ ಜೀವಕೋಶದ ಗೋಡೆಯೂ, ಅಂದರೆ ಅದರ ತೆಳು ಪೊರೆಯೂ, ಹೆಚ್ಚಾಗಿ ಕೊಬ್ಬಿನಿಂದಲೇ ಆದದ್ದು. ಲಿವರ್ ಇಡೀ ದಿನ ಔಷಧಿ, ಮದ್ಯ, ನಾನಾ ರಾಸಾಯನಿಕಗಳನ್ನು ಕತ್ತರಿಸಿ ಹಾಕುವ ಕಾರ್ಖಾನೆ. ಆ ಕೆಲಸದಲ್ಲಿ ಪುಂಡ ಕಣಗಳು ಹುಟ್ಟುತ್ತಲೇ ಇರುತ್ತವೆ. ಅವು ಕೋಶದ ಗೋಡೆಗೆ ತಗುಲಿದರೆ ಅಲ್ಲೂ ಇದೇ ಕಮಟುವಿಕೆ. ಅದನ್ನು ತಡೆಯಲು ಲಿವರ್ ತನ್ನದೇ ಆದ ಗ್ಲುಟಾಥಿಯೋನ್ ಎಂಬ ವಸ್ತುವನ್ನು ಸದಾ ತಯಾರಿಸಿಕೊಳ್ಳುತ್ತದೆ.

ಈಗ ಇಲಿಗಳ ಕಥೆಗೆ ಬರುತ್ತೇನೆ. ನಿಮ್ಮ ಸಂಬಂಧಿಕರು ಕೇಳಿದ ಮಾತಿನ ಮೂಲ ಇಲ್ಲಿದೆ.

ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವ ಇದೆ. ನೀರಿನಂತೆ ತಿಳಿ, ತುಸು ಸಿಹಿ ವಾಸನೆ. ಹಿಂದೆ ಬಟ್ಟೆಯ ಡ್ರೈಕ್ಲೀನಿಂಗ್‌ಗೆ, ಬೆಂಕಿ ಆರಿಸುವ ಉಪಕರಣಕ್ಕೆ ಬಳಸುತ್ತಿದ್ದರು. ಪ್ರಯೋಗಶಾಲೆಯಲ್ಲಿ ಇದನ್ನು ಆಲಿವ್ ಎಣ್ಣೆಗೆ ಬೆರೆಸಿ ಇಲಿಗೆ ಚುಚ್ಚುತ್ತೇವೆ. ಲಿವರ್‌ನ ಒಂದು ಕಿಣ್ವ ಅದರ ಒಂದು ಕ್ಲೋರಿನ್ ಕಿತ್ತುಹಾಕುತ್ತದೆ. ಉಳಿದ ತುಂಡು ಭಯಂಕರ ಪುಂಡ ಕಣ. ಅದು ಕೋಶದ ಗೋಡೆಯನ್ನು ಸುಟ್ಟಂತೆ ಕೆಡಿಸುತ್ತಾ ಹೋಗುತ್ತದೆ.

ಇಲಿಗಳನ್ನು ಗುಂಪು ಮಾಡಿರುತ್ತೇವೆ. ಒಂದಕ್ಕೆ ವಿಷವೇ ಇಲ್ಲ. ಒಂದಕ್ಕೆ ವಿಷ ಮಾತ್ರ. ಒಂದಕ್ಕೆ ಸಿಲಿಮರಿನ್ ಎಂಬ ಗೊತ್ತಿರುವ ಔಷಧಿ ಮತ್ತು ವಿಷ. ಇನ್ನೊಂದಕ್ಕೆ ನಾವು ಪರೀಕ್ಷಿಸುತ್ತಿರುವ ಗಿಡದ ಸಾರ ಮತ್ತು ವಿಷ. ಮರುದಿನ ಲಿವರ್ ತೆಗೆದು ಬಿಳಿ ಟ್ರೇಯಲ್ಲಿ ಸಾಲಾಗಿ ಇಡುತ್ತೇವೆ. ವಿಷ ಇಲ್ಲದ ಇಲಿಯ ಲಿವರ್ ನುಣುಪಾಗಿ, ಇಟ್ಟಿಗೆ ಕಂದು ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ವಿಷ ಚುಚ್ಚಿದ್ದರದ್ದು ಊದಿಕೊಂಡು, ಹಳದಿ ಬಡಿದು, ಮೇಲೆಲ್ಲ ಚುಕ್ಕೆ ಚುಕ್ಕೆ. ಮುಟ್ಟಿದರೆ ಕೈಗವಸಿಗೆ ಜಿಡ್ಡು ಹತ್ತುತ್ತದೆ. ಗಿಡದ ಸಾರ ತಗೊಂಡ ಇಲಿಯ ಲಿವರ್ ಇವೆರಡರ ನಡುವೆ, ಒಮ್ಮೊಮ್ಮೆ ಆರೋಗ್ಯವಂತ ಇಲಿಗೆ ತೀರಾ ಹತ್ತಿರ. ಮೊದಲ ಸಲ ಅದನ್ನು ನೋಡಿದಾಗ ನನ್ನ ಮೈ ಜುಂ ಅಂದಿತ್ತು. ನಮ್ಮೂರ ಗಿಡಕ್ಕೆ ಇಷ್ಟು ಶಕ್ತಿ ಇದೆಯಾ ಅನ್ನಿಸಿತ್ತು. ಬನ್ನಿ, ಕರೀರ, ಬಾರಿ, ಕೊಗ್ಗಿಲಿ, ಕೊಮ್ಮೆ, ಇವೆಲ್ಲ ಇಂಥ ಪರೀಕ್ಷೆಗಳಿಗೆ ಒಳಗಾಗಿವೆ. ಬಹುತೇಕ ಫಲಿತಾಂಶ ಚೆನ್ನಾಗಿಯೇ ಬಂದಿದೆ.

ಅಷ್ಟು ಗಿಡಗಳೂ ಪಾಸ್ ಆಗುತ್ತವೆ ಅಂದಾಗಲೇ ನಾವು ತಡೆದು ಯೋಚಿಸಬೇಕು. ಪರೀಕ್ಷೆ ಸುಲಭ ಇದೆಯಾ?

ಹೌದು, ಸುಲಭವೇ ಇದೆ. ಮೊದಲನೆಯದು, ಸಾಮಾನ್ಯವಾಗಿ ಸಾರವನ್ನು ವಿಷಕ್ಕಿಂತ ಎಷ್ಟೋ ದಿನ ಮೊದಲೇ ಕೊಡಲು ಶುರು ಮಾಡಿರುತ್ತೇವೆ. ನಿಮ್ಮ ಯಜಮಾನರ ಲಿವರ್‌ಗೆ ಕೊಬ್ಬು ಆಗಲೇ ಸೇರಿದೆ. ಎರಡನೆಯದು, ನಾವು ಆರಿಸಿದ ವಿಷ ಪುಂಡ ಕಣದ ಮೂಲಕವೇ ಹೊಡೆಯುವಂಥದ್ದು. ಆಂಟಿಆಕ್ಸಿಡೆಂಟ್ ಗೆಲ್ಲುವ ಮೈದಾನವನ್ನೇ ನಾವು ಹಾಸಿಕೊಟ್ಟಿರುತ್ತೇವೆ. ನಿಮ್ಮವರ ತೊಂದರೆ ಬಂದದ್ದು ಜಾಸ್ತಿ ತೂಕ, ಸಕ್ಕರೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಸ್ಥಿತಿಯಿಂದ ಇರಬೇಕು. ಅದರ ದಾರಿಯೇ ಬೇರೆ. ಮೂರನೆಯದನ್ನು ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುತ್ತೇನೆ. ಕೆಲವು ಸಾರಗಳು ಆ ವಿಷವನ್ನು ಕತ್ತರಿಸುವ ಕಿಣ್ವವನ್ನೇ ತಡೆದುಬಿಡುತ್ತವೆ. ಆಗ ಪುಂಡ ಕಣ ಹುಟ್ಟುವುದೇ ಇಲ್ಲ. ಇಲಿ ಉಳಿಯಿತು ಸರಿ. ಆದರೆ ಅದೇ ತರಹದ ಕಿಣ್ವಗಳನ್ನು ಮನುಷ್ಯನಲ್ಲಿ ತಡೆದರೆ ಅವನು ನುಂಗುವ ಬಿಪಿ, ಶುಗರ್ ಮಾತ್ರೆಗಳ ಲೆಕ್ಕ ತಪ್ಪಬಹುದು.

ಇನ್ನು ಪ್ರಮಾಣ. ಇದನ್ನು ನಿಮ್ಮ ಯಜಮಾನರ ತೂಕಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ. ಇಲಿಗೆ ಒಂದು ಕೆಜಿ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಡುವುದು ಇಂಥ ಪ್ರಯೋಗಗಳಲ್ಲಿ ಸಾಮಾನ್ಯ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಅಂದಾಜಿಸಲು ಅದನ್ನು 6.2ರಿಂದ ಭಾಗಿಸುತ್ತಾರೆ. ಕೆಜಿಗೆ ಸುಮಾರು 64.5 ಮಿಲಿಗ್ರಾಂ ಆಯಿತು. 84 ಕೆಜಿಗೆ ಗುಣಿಸಿ, ದಿನಕ್ಕೆ ಐದೂವರೆ ಗ್ರಾಂ ಹತ್ತಿರ. ಇದು ಒಣಗಿಸಿ ಗಟ್ಟಿ ಮಾಡಿದ ಸಾರ, ಎಲೆ ಪುಡಿ ಅಲ್ಲ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಸಿಕ್ಕಿತು ಎಂದುಕೊಂಡರೆ, ದಿನಕ್ಕೆ 54 ಗ್ರಾಂ ಒಣ ಎಲೆ ಬೇಕು. ಹಸಿ ಎಲೆ ಇದರ ಎರಡು ಮೂರು ಪಟ್ಟು. ಎರಡು ಚಮಚದಲ್ಲಿ ಇದು ಸಾಧ್ಯವೇ ಇಲ್ಲ. ಅಷ್ಟು ಎಲೆಯನ್ನು ದಿನಾ ಅರೆದು ಕುಡಿಸಿದರೆ ಏನಾಗುತ್ತದೆ ಎಂದು ಮನುಷ್ಯರಲ್ಲಿ ಪರೀಕ್ಷಿಸಿದವರೂ ಇಲ್ಲ. ಜೊತೆಗೆ, ಪ್ರಯೋಗದ ಸಾರವನ್ನು ಹೆಚ್ಚಾಗಿ ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆದಿರುತ್ತಾರೆ. ನೀವು ಕುದಿಸುವುದು ನೀರಿನಲ್ಲಿ. ನೀರಿಗೆ ಇಳಿಯುವ ವಸ್ತುಗಳೇ ಬೇರೆ.

ಹಾಗಾದರೆ ಮನುಷ್ಯರ ಮೇಲೆ ಯಾವುದನ್ನೂ ನೋಡಿಲ್ಲವಾ? ಬೇರೆ ಗಿಡಗಳನ್ನು ನೋಡಿದ್ದಾರೆ. ಒಂದು ಕಥೆ ನಮ್ಮ ನೆರೆಯ ಚೆನ್ನೈನದು, ಆಗಿನ ಮದ್ರಾಸ್. ಗಿಡ ನೆಲನೆಲ್ಲಿ. ತುಂಗಭದ್ರಾ ಕಾಲುವೆಯ ಬದುಗಳಲ್ಲಿ ಇದನ್ನು ನೀವು ದಿನಾ ತುಳಿದುಕೊಂಡು ಹೋಗಿರುತ್ತೀರಿ. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಒಂದು ತಿಂಗಳು ನೆಲನೆಲ್ಲಿ ಪುಡಿ ಕೊಟ್ಟಿದ್ದರು. 37 ಜನರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು. ಸುಮ್ನೆ ಮದ್ದಿಲ್ಲದ ಹುಸಿ ಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್ ಕೂಡ ಆ ತಂಡದಲ್ಲಿದ್ದರು. ಎಲ್ಲರಿಗೂ ಎಷ್ಟು ಆಸೆ ಹುಟ್ಟಿರಬೇಕು ಯೋಚಿಸಿ! ಆದರೆ ಥಾಯ್ಲೆಂಡ್‌ನಲ್ಲಿ, ಮತ್ತೆ ನಮ್ಮ ದೇಶದಲ್ಲೇ ಬೇರೆಯವರು ಮಾಡಿ ನೋಡಿದಾಗ ಆ ಫಲ ಮತ್ತೆ ಸಿಗಲಿಲ್ಲ.

ನಾವು ಇಲಿಗಳಿಗೆ ಹೋಲಿಕೆಗೆಂದು ಕೊಡುವ ಸಿಲಿಮರಿನ್ ಕೂಡ ಮೆಡಿಟರೇನಿಯನ್ ಕಡೆಯ ಒಂದು ಮುಳ್ಳುಗಿಡದ್ದು. 2012ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇದ್ದ 154 ಜನರಲ್ಲಿ ಅದನ್ನು ಪರೀಕ್ಷಿಸಿದರು. ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಇಲಿಯಲ್ಲಿ ಪ್ರತಿ ಸಲ ಗೆಲ್ಲುವ ಮದ್ದು ಅದು.

ಆಂಟಿಆಕ್ಸಿಡೆಂಟ್ ಎಂಬ ಯೋಚನೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಟಮಿನ್ ಇ ಒಂದು ಆಂಟಿಆಕ್ಸಿಡೆಂಟ್. 2010ರ ಒಂದು ದೊಡ್ಡ ಪ್ರಯೋಗದಲ್ಲಿ, ಶುಗರ್ ಇಲ್ಲದ, ಆದರೆ ಕೊಬ್ಬಿನಿಂದ ಲಿವರ್ ಉರಿಯೂತ ಆದವರಿಗೆ ದಿನಾ 800 ಯೂನಿಟ್‌ನಂತೆ 96 ವಾರ ಕೊಟ್ಟರು. ನೂರಕ್ಕೆ 43 ಜನರ ಲಿವರ್ ಸುಧಾರಿಸಿತು. ಹುಸಿ ಮಾತ್ರೆಯವರಲ್ಲಿ 19 ಜನರದ್ದು. ಇದು ಮನುಷ್ಯನ ಲಿವರ್‌ನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಫಲಿತಾಂಶ. ಹಾಗಂತ ಅಂಗಡಿಯಿಂದ ತಂದು ನುಂಗಿಸಬೇಡಿ. ವಿಟಮಿನ್ ಇ ವರ್ಷಗಟ್ಟಲೆ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಜಾಸ್ತಿ ಆದದ್ದು 2011ರಲ್ಲಿ ಗೊತ್ತಾಗಿದೆ. ಯಾರಿಗೆ ಕೊಡಬೇಕು, ಎಷ್ಟು ದಿನ ಎಂಬುದನ್ನು ಲಿವರ್ ತಜ್ಞರೇ ತೂಗಿ ನೋಡಬೇಕು.

"ಆದರೂ ಸರ್, ಹಳ್ಳಿ ಔಷಧಿಯಿಂದ ಕಾಮಣಿ ವಾಸಿ ಆದವರನ್ನು ಕಣ್ಣಾರೆ ನೋಡಿದ್ದೇವೆ" ಎಂದು ಜನ ಹೇಳುತ್ತಾರೆ. ನಾನೂ ನೋಡಿದ್ದೇನೆ. ನಮ್ಮ ಕಡೆ ಕಾಮಣಿ ಹೆಚ್ಚಾಗಿ ಬರುವುದು ಕೆಟ್ಟ ನೀರಿನಿಂದ, ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳಿಂದ. ಇವು ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರಗಳಲ್ಲಿ ಯಾವ ಎಲೆ ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಗರ್ಭಿಣಿಯರ ವಿಷಯ ಬೇರೆ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಅವರನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬಾರದು.

ಈ ಕಾಯುವಿಕೆ ಏನು ಮಾಡುತ್ತದೆ ಎಂಬುದನ್ನು ನನ್ನ ಮನೆಯಲ್ಲೇ ಕಂಡೆ. ಸಿರುಗುಪ್ಪ ಕಡೆಯ ನಮ್ಮ ಚಿಕ್ಕಪ್ಪನಿಗೆ ಕಣ್ಣು ಹಳದಿ ಆಯಿತು. ಬೆಳಗ್ಗೆ ಎಲೆ ರಸ, ಮಜ್ಜಿಗೆ ಅನ್ನ, ಮೂಗಿಗೆ ಹನಿ. ನನಗೆ ಸುದ್ದಿ ಬಂದಾಗ ಐದು ವಾರ ಕಳೆದಿತ್ತು. ಹೋಗಿ ನೋಡಿದರೆ ಮೈಯೆಲ್ಲ ಕೆರೆದುಕೊಂಡ ಗಾಯ. ಮಲ ಬೂದಿ ಬಣ್ಣಕ್ಕೆ ಹೋಗುತ್ತಿದೆ ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿದರು. ಆ ಒಂದು ಮಾತು ಸಾಕಾಯಿತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಪಿತ್ತ ಕರುಳಿಗೆ ಇಳಿಯುತ್ತಲೇ ಇರಲಿಲ್ಲ. ಎಂಡೋಸ್ಕೋಪಿಯಲ್ಲಿ ಕಲ್ಲು ತೆಗೆದರು, ಉಳಿದರು. ಯಾವ ಎಲೆಗೂ ಆ ಕಲ್ಲು ತೆಗೆಯುವ ಶಕ್ತಿ ಇರಲಿಲ್ಲ. ಔಷಧಿ ಕೊಟ್ಟವರು ಕೆಟ್ಟವರಲ್ಲ, ಕಾಸು ಕೂಡ ಮುಟ್ಟಿರಲಿಲ್ಲ. ಆದರೆ ಐದು ವಾರ ಹೋಗಿತ್ತು.

ಇನ್ನೂ ಮುಖ್ಯವಾದ ಮಾತು. ಬರ ತಡೆಯುವ ಗಿಡ ತನ್ನನ್ನು ಬಿಸಿಲಿನಿಂದ ಮಾತ್ರ ಕಾಪಾಡಿಕೊಳ್ಳುವುದಿಲ್ಲ. ಮೇಯಲು ಬರುವ ದನ, ಕುರಿ, ಹುಳುಗಳಿಂದಲೂ ಕಾಪಾಡಿಕೊಳ್ಳಬೇಕು. ಅದಕ್ಕೆ ವಿಷವನ್ನೂ ತಯಾರಿಸುತ್ತದೆ. ಹೊಲದಲ್ಲಿ ಚೇಳುಕೊಂಡಿ ಗಿಡ ನೋಡಿರುತ್ತೀರಿ, ಹೂವಿನ ಗೊಂಚಲು ಚೇಳಿನ ಬಾಲದಂತೆ ಸುರುಳಿ ಸುತ್ತಿರುತ್ತದೆ. ಇದೇ ಕುಲದ ಕಳೆಗಿಡವೊಂದು 1970ರ ದಶಕದ ಮಧ್ಯದಲ್ಲಿ ಅಫ್ಘಾನಿಸ್ತಾನದಲ್ಲಿ ಎರಡು ವರ್ಷ ಬರ ಬಿದ್ದ ಮೇಲೆ ಗೋಧಿ ಹೊಲದಲ್ಲಿ ಬೆಳೆಯಿತು. ಅದರ ಬೀಜ ಹಿಟ್ಟಿಗೆ ಸೇರಿತು. 7,200 ಜನರನ್ನು ಪರೀಕ್ಷಿಸಿದಾಗ ನೂರಕ್ಕೆ 22ಕ್ಕಿಂತ ಹೆಚ್ಚು ಜನರಿಗೆ ಲಿವರ್ ಕಾಯಿಲೆ ಕಂಡಿತು. ಹೊಟ್ಟೆಯಲ್ಲಿ ನೀರು ತುಂಬಿ ಎಷ್ಟೋ ಜನ ಸತ್ತರು. ಅದೇ ಹೊತ್ತಿಗೆ ನಮ್ಮ ದೇಶದ ಸರ್ಗುಜಾದಲ್ಲೂ (ಈಗಿನ ಛತ್ತೀಸ್‌ಗಢ) ಇಂಥದ್ದೇ ಆಯಿತು. ಅಲ್ಲಿ ಕಿರುಧಾನ್ಯಕ್ಕೆ ಸೇರಿದ್ದು ಗಿಜಿಗಿಜಿ ಜಾತಿಯ ಗಿಡದ ಬೀಜ, ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಸದ್ದು ಮಾಡುತ್ತದಲ್ಲ, ಅದು. ಈ ಗಿಡಗಳಲ್ಲಿರುವ ಆಲ್ಕಲಾಯ್ಡ್ ಎಂಬ ಬಗೆಯ ವಿಷ ಲಿವರ್‌ನ ಸಣ್ಣ ರಕ್ತನಾಳಗಳನ್ನೇ ಮುಚ್ಚಿಬಿಡುತ್ತದೆ.

ನಿಮ್ಮ ಪುಡಿಗೆ ವಾಪಸ್ ಬರೋಣ. ಅದರಲ್ಲಿ ಅಮೃತಬಳ್ಳಿ ಇದೆ ಎಂದು ಬರೆದಿದ್ದೀರಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. ಆ ಬಳಿಕ, 2021ರಲ್ಲಿ, ಅದನ್ನು ಸೇವಿಸಿ ಲಿವರ್ ಕೆಟ್ಟವರ ವರದಿ ಮೊದಲು ಮುಂಬೈಯಿಂದ ಬಂತು. ಮುಂದೆ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಗಿಡ ಅದು. ಕೆಲವರಲ್ಲಿ ಆ ಶಕ್ತಿ ತನ್ನದೇ ಲಿವರ್ ಮೇಲೆ ತಿರುಗುತ್ತದೆ. ಆಯುಷ್ ಸಚಿವಾಲಯ ಈ ವರದಿಗಳನ್ನು ಒಪ್ಪಲಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಸರಿ, ಆ ಮಾತನ್ನೇ ಒಪ್ಪಿಕೊಳ್ಳೋಣ. ಆಗಲೂ ನಿಮ್ಮ ಪೊಟ್ಟಣದಲ್ಲಿ ಇರುವುದು ಯಾವ ಬಳ್ಳಿ ಎಂದು ಹೇಳುವವರು ಯಾರು?

ಬನ್ನಿಯ ವಿಷಯದಲ್ಲೂ ನನಗೆ ಇದೇ ಹೆದರಿಕೆ. ಬಳ್ಳಾರಿ ಜಾಲಿ ಹೆಸರಿಗೆ ಮಾತ್ರ ನಮ್ಮದು, ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ತಂದು ನೆಟ್ಟ ಗಿಡ. ಅದು ಬನ್ನಿಯ ದಾಯಾದಿ, ಎಲೆಯೂ ಹೆಚ್ಚುಕಡಿಮೆ ಹಾಗೇ ಇದೆ. ಅದರ ಕಾಯಿಯನ್ನೇ ತಿಂದುಕೊಂಡಿದ್ದ ದನಗಳ ನರ ಕೆಟ್ಟು ದವಡೆ ಸೊಟ್ಟಗಾಗುವುದು ಪಶುವೈದ್ಯರಿಗೆ ಗೊತ್ತಿರುವ ವಿಷಯ. ಮರದ ಮೇಲಿದ್ದಾಗ ನೀವು ಎರಡನ್ನೂ ಗುರುತಿಸುತ್ತೀರಿ. ಪುಡಿಯಾದ ಮೇಲೆ ನನಗೂ ಸೂಕ್ಷ್ಮದರ್ಶಕ ಬೇಕು.

ಈಗ ನೆಮ್ಮದಿಯ ವಿಷಯ. ನಿಮ್ಮ ಅಂಕಿಗಳನ್ನು ಇಟ್ಟುಕೊಂಡು ಫಿಬ್-4 ಎಂಬ ಲೆಕ್ಕ ಮಾಡಿದೆ. ಲಿವರ್‌ನಲ್ಲಿ ಗಾಯದ ಕಲೆ ಎಷ್ಟು ಕೂತಿರಬಹುದು ಎಂಬುದನ್ನು ಅದು ಅಂದಾಜು ಮಾಡುತ್ತದೆ. ವಯಸ್ಸನ್ನು ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯಿಂದ ಗುಣಿಸಬೇಕು, 46 ಗುಣಿಸು 58, ಅಂದರೆ 2668. ಪ್ಲೇಟ್‌ಲೆಟ್ 240 ಸಾವಿರವನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ, ಅಂದರೆ 9.6ರಿಂದ ಗುಣಿಸಬೇಕು, ಸುಮಾರು 2300. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.16. ಇದು 1.3ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಕಲೆ ಕೂತಿರುವ ಸಾಧ್ಯತೆ ಕಡಿಮೆ. ಸ್ಕ್ಯಾನಿಂಗ್‌ನ "ಗ್ರೇಡ್ 2" ಕೊಬ್ಬು ಎಷ್ಟಿದೆ ಎಂದಷ್ಟೇ ಹೇಳುತ್ತದೆ, ಹೆದರಬೇಡಿ. ಕೊಬ್ಬು ಇಳಿಯುವಂಥದ್ದು.

ಅದನ್ನು ಇಳಿಸುವ ಮದ್ದು ತೂಕವೇ. ಇರುವ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೆ ಲಿವರ್‌ನ ಕೊಬ್ಬು ಕರಗಲು ಶುರುವಾಗುತ್ತದೆ. ಏಳರಿಂದ ಹತ್ತು ಭಾಗ ಇಳಿದರೆ ಉರಿಯೂತವೂ ಶಮನವಾಗುತ್ತದೆ. ನಿಮ್ಮವರಿಗೆ ಅದು ಆರರಿಂದ ಎಂಟು ಕೆಜಿ. ಆರು ತಿಂಗಳು, ವರ್ಷ ತಗೊಳ್ಳಲಿ. ಉಪವಾಸ ಹಾಕಿ ಒಂದೇ ತಿಂಗಳಲ್ಲಿ ಇಳಿಸುವುದು ಬೇಡ, ಲಿವರ್‌ಗೆ ಅದೂ ಭಾರ.

ಗಿರಣಿಯಲ್ಲಿ ಕೂತು ಕೆಲಸ, ಮೂರು ಹೊತ್ತು ಸೋನಾ ಮಸೂರಿ ಅನ್ನ, ದಿನಕ್ಕೆ ಐದಾರು ಸಕ್ಕರೆ ಚಹಾ, ಸಂಜೆ ಒಗ್ಗರಣಿ ಮಿರ್ಚಿ. ನೀವು ಬರೆಯದಿದ್ದರೂ ಗಂಗಾವತಿಯ ದಿನಚರಿ ನನಗೆ ಗೊತ್ತು. ಅನ್ನವನ್ನು ಒಂದು ಹೊತ್ತಿಗೆ ಇಳಿಸಿ. ಉಳಿದ ಹೊತ್ತು ಜೋಳದ ರೊಟ್ಟಿ ಎರಡು, ತಟ್ಟೆಯ ಅರ್ಧ ಪಲ್ಯ, ಹೆಸರುಕಾಳು ಅಥವಾ ಬೇಳೆ. ಚಹಾದ ಸಕ್ಕರೆ, ತಂಪು ಪಾನೀಯ ಪೂರ್ತಿ ಬಿಡಿಸಿ. ಸಕ್ಕರೆ ಇಲ್ಲದ ಕಾಫಿ ಕುಡಿಯುವುದಾದರೆ ಕುಡಿಯಲಿ. ಕಾಫಿ ಕುಡಿಯುವವರಲ್ಲಿ ಲಿವರ್ ಕಲೆ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಬೆಳಗ್ಗೆ ಬಿಸಿಲು ಏರುವ ಮುಂಚೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲಿ. ಜೊತೆಗೆ ನೀವೂ ಹೋಗಿ.

ಒಣ ನೆಲದ ಗಿಡಗಳನ್ನು ಊಟವಾಗಿ ಧಾರಾಳ ತಿನ್ನಿ. ಬಾರಿಹಣ್ಣು ಕೈತುಂಬ ತಿನ್ನಲಿ. ಮುಳ್ಳು ಚೆನ್ನಾಗಿ ಉಜ್ಜಿ ತೆಗೆದ ಪಾಪಸ್‌ಕಳ್ಳಿ ಹಣ್ಣು, ನುಗ್ಗೆ ಸೊಪ್ಪು, ಪುಂಡಿ ಪಲ್ಯ, ಹಸಿ ಹಕ್ಕರಿಕಿ, ಎಲ್ಲಾ ಒಳ್ಳೆಯದೇ. ನಮ್ಮ ಹಿರಿಯರು ತಲೆತಲಾಂತರದಿಂದ ಎಷ್ಟು ತಿಂದರೆ ತಡೆಯುತ್ತದೆ ಎಂದು ತಿಂದು ನೋಡಿದ್ದು ಅದು. ಬನ್ನಿ ಎಲೆಯನ್ನು ನಮ್ಮ ಕಡೆ ಯಾರೂ ಪಲ್ಯ ಮಾಡಿದ್ದಿಲ್ಲ. ದಸರೆಗೆ ಕೈಯಲ್ಲಿಟ್ಟು ಬಂಗಾರದಂಗ ಇರೋಣ ಎಂದಿದ್ದೇವೆ ಅಷ್ಟೆ. ರಾಜಸ್ಥಾನದವರು ಕೂಡ ತಿನ್ನುವುದು ಅದರ ಎಳೆ ಕಾಯಿ, ಕರೀರದ ಎಳೆ ಕಾಯಿ. ಅದೂ ತರಕಾರಿಯಾಗಿ.

ಇನ್ನು ಪರೀಕ್ಷೆಗಳು. ಹೆಪಟೈಟಿಸ್ ಬಿ ಮತ್ತು ಸಿ, ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ಒಮ್ಮೆ ನೋಡಿಸಿಬಿಡಿ. ಫ್ಯಾಟಿ ಲಿವರ್ ಇದೆ ಎಂದಾಕ್ಷಣ ವೈರಸ್ ಇಲ್ಲ ಎಂದೇನಲ್ಲ. 2018ರಿಂದ ಸರ್ಕಾರದ ವೈರಲ್ ಹೆಪಟೈಟಿಸ್ ಕಾರ್ಯಕ್ರಮ ಇದೆ. ಅದರಡಿ ಈ ಎರಡೂ ವೈರಸ್‌ಗಳ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಸಿ ಇದ್ದರೆ ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ಪೂರ್ತಿ ಗುಣವಾಗುತ್ತದೆ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ನುಂಗುವ ಅಭ್ಯಾಸ ಇದ್ದರೆ ವೈದ್ಯರಿಗೆ ಹೇಳಲಿ. ಮಿತಿ ಮೀರಿದರೆ ಲಿವರ್‌ನ ಗ್ಲುಟಾಥಿಯೋನ್ ಬರಿದು ಮಾಡುವ ಮಾತ್ರೆ ಅದು.

ಪುಡಿ ನಿಲ್ಲಿಸಿದ ದಿನಾಂಕ ಬರೆದಿಟ್ಟುಕೊಳ್ಳಿ. ಆರು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಎಸ್‌ಜಿಪಿಟಿ ನೋಡಿಸಿ. 92ರಿಂದ ಮತ್ತೆ 60ರ ಹತ್ತಿರ ಇಳಿದರೆ ಪುಡಿಯ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇಳಿಯದಿದ್ದರೆ, ಇಲ್ಲವೇ ಏರಿದರೆ, ಇನ್ನೂ ಸುಮ್ಮನೆ ಕೂರದೆ ಹೊಟ್ಟೆಯ ತಜ್ಞರನ್ನು ಕಾಣಿ. ನಡುವೆ ಕಣ್ಣು ಹಳದಿ ಆದರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಮಾತು ತೊದಲಿ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮತ್ತೆ ಆ ಪೊಟ್ಟಣವನ್ನು ಸಿಟ್ಟಿನಲ್ಲಿ ಎಸೆಯಬೇಡಿ. ಉಳಿದ ಪುಡಿಯನ್ನು ಒಂದು ಡಬ್ಬಿಯಲ್ಲಿ ಹಾಕಿ, ಎಷ್ಟು ದಿನ ತಗೊಂಡರು ಎಂದು ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ತಜ್ಞರ ಹತ್ತಿರ ಹೋಗುವಾಗ ಎರಡೂ ರಿಪೋರ್ಟ್ ಜೊತೆ ಅದನ್ನೂ ತಗೊಂಡು ಹೋಗಿ.